ಮೂರ್ಧನ್ಯ ಲಾಮ್ (ಅರೇಬಿಕ್ ಲಿಪಿಯ ಅಕ್ಷರ)

ಮೂರ್ಧನ್ಯ ಲಾಮ್ ಎಂಬುದು ವಿಸ್ತರಿತ ಅರೇಬಿಕ್ ಲಿಪಿಯ ಒಂದು ವ್ಯಂಜನಾಕ್ಷರ. ಅರೇಬಿಕ್ ಲಿಪಿಯ 'ಲಾಮ್' ಅಕ್ಷರದ ಮೇಲೆ 'ತೋಯ್' ಅಕ್ಷರದ ಕಿರುರೂಪವನ್ನು ಇರಿಸಿ ಇದನ್ನು ಬರೆಯಲಾಗುತ್ತದೆ. ಕನ್ನಡದ 'ಳ'ಕಾರಕ್ಕೆ ಸಮಾನವಾದ ಧ್ವನಿಯನ್ನು ಇದು ಸೂಚಿಸುತ್ತದೆ. ಶಾಹಮುಖಿ ಲಿಪಿಯಲ್ಲಿ ಪಂಜಾಬಿ ಬರೆಯುವವರ ಅಗತ್ಯಕ್ಕಾಗಿ 2020ರ ಮಾರ್ಚ್‌ನಲ್ಲಿ ಪ್ರಕಟವಾದ ಯುನಿಕೋಡ್ 13.0 ಆವೃತ್ತಿಯಲ್ಲಿ ಇದಕ್ಕೆ ಸ್ವತಂತ್ರ ಸಂಕೇತವನ್ನು ನೀಡಲಾಯಿತು. ಪ್ರಮಾಣಿತ ಉರ್ದು ವರ್ಣಮಾಲೆಯಲ್ಲಿ ಈ ಅಕ್ಷರವಿಲ್ಲ. ಆದಕಾರಣ ಕರ್ನಾಟಕದ ಕೋಲಾರ ಜಿಲ್ಲೆಯಂತಹ ಬಹುಭಾಷಾ ಪ್ರದೇಶಗಳಲ್ಲಿ 'ಳ'ಕಾರವುಳ್ಳ ಊರುಗಳ ಹೆಸರುಗಳನ್ನು ಉರ್ದುವಿನಲ್ಲಿ ಸಾಮಾನ್ಯ ಲಾಮ್‌ನಿಂದಲೇ ಬರೆಯಲಾಗುತ್ತದೆ. ಮುಳಬಾಗಿಲು ಇದಕ್ಕೆ ಪ್ರಮುಖ ಉದಾಹರಣೆ.

ಸಂಕೇತ ವಿವರ

(ಈ ಲೇಖನದಲ್ಲಿ ಷೋಡಶಮಾನ ಪದ್ಧತಿಯ ಹತ್ತರಿಂದ ಹದಿನೈದರವರೆಗಿನ ಅಂಕೆಗಳನ್ನು ಎ, ಬಿ, ಸಿ, ಡಿ, ಇ, ಎಫ್ ಎಂದು ಬರೆಯಲಾಗಿದೆ.)

ಯುನಿಕೋಡ್ ಸಂಕೇತ: ಯು+08ಸಿ7
ದಶಮಾನ ಸಂಖ್ಯೆ: 2247
ಅಧಿಕೃತ ಹೆಸರು: ಅರೇಬಿಕ್ ಲೆಟರ್ ಲಾಮ್ ವಿತ್ ಸ್ಮಾಲ್ ಅರೇಬಿಕ್ ಲೆಟರ್ ತಾಹ್ ಅಬೋವ್
ವಿಭಾಗ: ಅರೇಬಿಕ್ ಎಕ್ಸ್‌ಟೆಂಡೆಡ್-ಎ (08ಎ0 ರಿಂದ 08ಎಫ್ಎಫ್)
ಸೇರ್ಪಡೆ: ಯುನಿಕೋಡ್ 13.0 (2020)
ಯುಟಿಎಫ್-8 ರೂಪ: ಮೂರು ಬೈಟ್‌ಗಳು (ಇ0 ಎ3 87)
ಬರವಣಿಗೆಯ ದಿಕ್ಕು: ಬಲದಿಂದ ಎಡಕ್ಕೆ
ಜೋಡಣೆ: ಎರಡೂ ಬದಿಗಳಲ್ಲಿ ಕೂಡಿಕೊಳ್ಳುವ ಅಕ್ಷರ, ಲಾಮ್ ಗುಂಪು

ರೂಪ

ಅರೇಬಿಕ್ ಲಿಪಿಯಲ್ಲಿ ಪದದೊಳಗಿನ ಸ್ಥಾನಕ್ಕೆ ತಕ್ಕಂತೆ ಅಕ್ಷರದ ಆಕಾರ ಬದಲಾಗುತ್ತದೆ. ಲಾಮ್‌ಗೆ ಇರುವಂತೆ ಮೂರ್ಧನ್ಯ ಲಾಮ್‌ಗೂ ಬಿಡಿರೂಪ, ಆದಿರೂಪ, ಮಧ್ಯರೂಪ ಮತ್ತು ಅಂತ್ಯರೂಪ ಎಂಬ ನಾಲ್ಕು ಆಕಾರಗಳಿವೆ. ನಾಲ್ಕಕ್ಕೂ ಸಂಕೇತ ಒಂದೇ. ಎಲ್ಲಿ ಯಾವ ಆಕಾರ ಬರಬೇಕೆಂಬುದನ್ನು ಗಣಕದ ಅಕ್ಷರಶೈಲಿ (ಫಾಂಟ್) ಮತ್ತು ಅಕ್ಷರ ಜೋಡಿಸುವ ತಂತ್ರಾಂಶಗಳು ನಿರ್ಧರಿಸುತ್ತವೆ. ಕನ್ನಡದಲ್ಲಿ ವ್ಯಂಜನ, ಅರ್ಧಾಕ್ಷರ ಚಿಹ್ನೆ ಮತ್ತು ವ್ಯಂಜನಗಳನ್ನು ಸಾಲಾಗಿ ಸಂಗ್ರಹಿಸಿ, ತೆರೆಯ ಮೇಲೆ ಒತ್ತಕ್ಷರವಾಗಿ ತೋರಿಸುವ ಕ್ರಮವನ್ನು ಇದಕ್ಕೆ ಹೋಲಿಸಬಹುದು.

ಲಾಮ್‌ನ ನಂತರ ಅಲಿಫ್ ಬಂದರೆ ಅವೆರಡೂ ಸೇರಿ ಒಂದು ವಿಶೇಷ ಸಂಯುಕ್ತ ರೂಪವಾಗುತ್ತದೆ. ಅರೇಬಿಕ್ ಲಿಪಿಯಲ್ಲಿ ಇದು ಕಡ್ಡಾಯ. ಮೂರ್ಧನ್ಯ ಲಾಮ್ ಕೂಡ ಲಾಮ್ ಗುಂಪಿಗೆ ಸೇರಿರುವುದರಿಂದ 'ಳಾ' ಬರುವಲ್ಲಿ ಅಕ್ಷರಶೈಲಿಯು ಇದೇ ಸಂಯುಕ್ತ ರೂಪವನ್ನು ಕಿರು ತೋಯ್ ಸಹಿತವಾಗಿ ಒದಗಿಸಬೇಕಾಗುತ್ತದೆ.

ಧ್ವನಿ

ಭಾಷಾಶಾಸ್ತ್ರದಲ್ಲಿ ಈ ಧ್ವನಿಯನ್ನು ಮೂರ್ಧನ್ಯ ಪಾರ್ಶ್ವಿಕ ವ್ಯಂಜನ ಎಂದು ಕರೆಯುತ್ತಾರೆ. 'ಲ' ಉಚ್ಚರಿಸುವಾಗ ನಾಲಗೆಯ ತುದಿ ಹಲ್ಲಿನ ಬುಡವನ್ನು ತಾಗುತ್ತದೆ. 'ಳ' ಉಚ್ಚರಿಸುವಾಗ ನಾಲಗೆಯ ತುದಿ ಹಿಂದಕ್ಕೆ ಮಡಿಚಿ ಅಂಗಳವನ್ನು ತಾಗುತ್ತದೆ. ಎರಡರಲ್ಲೂ ಉಸಿರು ನಾಲಗೆಯ ಪಕ್ಕಗಳಿಂದ ಹೊರಬರುತ್ತದೆ.

ಕನ್ನಡದಲ್ಲಿ ಈ ಎರಡು ಧ್ವನಿಗಳ ವ್ಯತ್ಯಾಸ ಅರ್ಥವನ್ನೇ ಬದಲಿಸುತ್ತದೆ. ಹುಲಿ ಮತ್ತು ಹುಳಿ, ಹಲ್ಲಿ ಮತ್ತು ಹಳ್ಳಿ, ಕೊಲೆ ಮತ್ತು ಕೊಳೆ, ಬೆಲೆ ಮತ್ತು ಬೆಳೆ ಮುಂತಾದ ಜೋಡಿಗಳು ಇದಕ್ಕೆ ಸಾಕ್ಷಿ. ಕೋಲಾರದ ಟೊಮೆಟೊ ಮಾರುಕಟ್ಟೆಯ ಅಥವಾ ಶ್ರೀನಿವಾಸಪುರದ ಮಾವಿನ ಮಂಡಿಯ ಸುದ್ದಿಯಲ್ಲಿ 'ಬೆಳೆ ಹೆಚ್ಚಿ ಬೆಲೆ ಇಳಿಯಿತು' ಎಂಬ ವಾಕ್ಯದ ಅರ್ಥ ನಿಂತಿರುವುದು ಈ ಒಂದು ಧ್ವನಿಭೇದದ ಮೇಲೆಯೇ.

ಪಂಜಾಬಿಯಲ್ಲೂ ಇಂತಹ ಜೋಡಿಗಳಿವೆ. ಆ ಭಾಷೆಯಲ್ಲಿ 'ಬೋಲೀ' ಎಂದರೆ ಮಾತು ಅಥವಾ ನುಡಿ; 'ಬೋಳೀ' ಎಂದರೆ ಕಿವುಡಿ. ಭಾರತದ ಪಂಜಾಬಿನಲ್ಲಿ ಬಳಸುವ ಗುರುಮುಖಿ ಲಿಪಿಯಲ್ಲಿ 'ಲ' ಅಕ್ಷರದ ಅಡಿಯಲ್ಲಿ ಚುಕ್ಕೆ ಇಟ್ಟು ಈ ಭೇದವನ್ನು ತೋರಿಸುತ್ತಾರೆ. ಪಾಕಿಸ್ತಾನದ ಪಂಜಾಬಿನಲ್ಲಿ ಬಳಕೆಯಲ್ಲಿರುವ ಶಾಹಮುಖಿ, ಅಂದರೆ ಅರೇಬಿಕ್ ಮೂಲದ ಲಿಪಿಯಲ್ಲಿ, ಹೆಚ್ಚಿನ ಬರಹಗಾರರು ಎರಡಕ್ಕೂ ಸಾಮಾನ್ಯ ಲಾಮ್ ಬಳಸುತ್ತಾರೆ. ಭೇದವನ್ನು ಸ್ಪಷ್ಟವಾಗಿ ತೋರಿಸಬಯಸುವವರು ಮೂರ್ಧನ್ಯ ಲಾಮ್ ಬಳಸುತ್ತಾರೆ.

ಮೂರ್ಧನ್ಯ ಅಕ್ಷರಗಳ ಹಿನ್ನೆಲೆ

ಅರಬ್ಬಿ ಭಾಷೆಯಲ್ಲಿ ಟ, ಡ, ಣ, ಳ ಮುಂತಾದ ಮೂರ್ಧನ್ಯ ಧ್ವನಿಗಳಿಲ್ಲ. ಅರೇಬಿಕ್ ಲಿಪಿಯು ಪರ್ಷಿಯನ್ ಮೂಲಕ ಭಾರತಕ್ಕೆ ಬಂದಾಗ ಇಲ್ಲಿನ ಭಾಷೆಗಳನ್ನು ಬರೆಯಲು ಹೊಸ ಅಕ್ಷರಗಳು ಬೇಕಾದವು. ಇದ್ದ ಅಕ್ಷರದ ಆಕಾರವನ್ನು ಉಳಿಸಿಕೊಂಡು ಅದರ ಮೇಲೆ ಅಥವಾ ಕೆಳಗೆ ಗುರುತು ಸೇರಿಸುವುದೇ ಇದಕ್ಕೆ ಅನುಸರಿಸಿದ ಮಾರ್ಗ. ಹಳೆಯ ಹಸ್ತಪ್ರತಿಗಳಲ್ಲಿ ಮೂರ್ಧನ್ಯವನ್ನು ಸೂಚಿಸಲು ನಾಲ್ಕು ಚುಕ್ಕೆಗಳನ್ನು ಇಡುವ ರೂಢಿಯಿತ್ತು. ಕಾಲಕ್ರಮದಲ್ಲಿ ಉರ್ದುವಿನಲ್ಲಿ ಚುಕ್ಕೆಗಳ ಸ್ಥಾನದಲ್ಲಿ ಕಿರು ತೋಯ್ ಚಿಹ್ನೆ ನೆಲೆನಿಂತಿತು.

ಇಂದಿನ ಉರ್ದುವಿನಲ್ಲಿ ಈ ಚಿಹ್ನೆ ಹೊತ್ತ ಅಕ್ಷರಗಳು ಮೂರು. ಅವು ಟಕಾರಕ್ಕೆ ಯು+0679, ಡಕಾರಕ್ಕೆ ಯು+0688, ಹಿಂದಿಯ 'ಪಢ್ನಾ', 'ಬಡಾ' ಪದಗಳಲ್ಲಿ ಕೇಳುವ ತಾಡಿತ ಧ್ವನಿಗೆ ಯು+0691. ಉರ್ದುವಿಗೆ ಆಧಾರವಾದ ನುಡಿಯಲ್ಲಿ ಳಕಾರವು ಸ್ವತಂತ್ರ ಧ್ವನಿಯಾಗಿ ಇರಲಿಲ್ಲವಾದ್ದರಿಂದ ಲಾಮ್‌ಗೆ ಈ ಚಿಹ್ನೆ ಸೇರಲಿಲ್ಲ. ಸರಾಯ್ಕಿ ಮೊದಲಾದ ಭಾಷೆಗಳ ಣಕಾರಕ್ಕಾಗಿ ನೂನ್ ಅಕ್ಷರದ ಮೇಲೆ ಕಿರು ತೋಯ್ ಇರುವ ರೂಪ ಯು+0768 ಎಂಬ ಸಂಕೇತವನ್ನು 2005ರ ಯುನಿಕೋಡ್ 4.1ರಲ್ಲಿ ಪಡೆಯಿತು. ಳಕಾರದ ಸರದಿ ಬಂದದ್ದು ಅದಾದ ಹದಿನೈದು ವರ್ಷಗಳ ನಂತರ.

ಸಂಕೇತೀಕರಣದ ಇತಿಹಾಸ

ಗಣಕಯಂತ್ರವು ಅಕ್ಷರವನ್ನು ಸಂಖ್ಯೆಯಾಗಿ ಸಂಗ್ರಹಿಸುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಪ್ಪಂದವೇ ಸಂಕೇತೀಕರಣ. ಆರಂಭದ ಅಂತಾರಾಷ್ಟ್ರೀಯ ಅರೇಬಿಕ್ ಮಾನಕವಾದ ಐಎಸ್ಒ 8859-6 ಅರಬ್ಬಿ ಭಾಷೆಯ ಅಕ್ಷರಗಳಿಗೆ ಸೀಮಿತವಾಗಿತ್ತು. ಉರ್ದುವಿಗೆ ಅಗತ್ಯವಾದ ಪ, ಚ, ಗ, ಟ, ಡ ಅಕ್ಷರಗಳು ಅದರಲ್ಲಿರಲಿಲ್ಲ. ಭಾರತದಲ್ಲಿ ಬ್ರಾಹ್ಮಿ ಮೂಲದ ಲಿಪಿಗಳಿಗಾಗಿ ಇಸ್ಕಿ ಎಂಬ ಮಾನಕ ರೂಪುಗೊಂಡಿತು. ಉರ್ದು, ಕಾಶ್ಮೀರಿ ಮತ್ತು ಸಿಂಧಿ ಭಾಷೆಗಳ ಪರ್ಷಿಯನ್-ಅರೇಬಿಕ್ ಲಿಪಿಗಾಗಿ ಸಿ-ಡ್ಯಾಕ್ ಸಂಸ್ಥೆಯು ಪಾಸ್ಕಿ ಎಂಬ ಪ್ರತ್ಯೇಕ ಸಂಕೇತವನ್ನು ಸಿದ್ಧಪಡಿಸಿತು.

ಮುದ್ರಣ ಕ್ಷೇತ್ರದಲ್ಲಿ 1990ರ ದಶಕದಿಂದ ಇನ್‌ಪೇಜ್ ತಂತ್ರಾಂಶ ಉರ್ದು ಪತ್ರಿಕೆ ಮತ್ತು ಪುಸ್ತಕಗಳಿಗೆ ವ್ಯಾಪಕವಾಗಿ ಬಳಕೆಯಾಯಿತು. ಅದರ ಆರಂಭದ ಆವೃತ್ತಿಗಳು ಯುನಿಕೋಡ್ ಬದಲಿಗೆ ತಮ್ಮದೇ ಸಂಕೇತವನ್ನು ಬಳಸುತ್ತಿದ್ದುದರಿಂದ ಆ ಕಡತಗಳ ಪಠ್ಯವನ್ನು ಬೇರೆಡೆ ನೇರವಾಗಿ ಓದಲು ಅಥವಾ ಹುಡುಕಲು ಆಗುತ್ತಿರಲಿಲ್ಲ. ಕನ್ನಡದಲ್ಲಿ ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಿದವರಿಗೆ ಈ ಸಮಸ್ಯೆ ಪರಿಚಿತ.

1991ರಲ್ಲಿ ಯುನಿಕೋಡ್‌ನ ಮೊದಲ ಆವೃತ್ತಿ ಪ್ರಕಟವಾಯಿತು. ಅರೇಬಿಕ್ ಲಿಪಿಯ ಮೂಲ ವಿಭಾಗ 0600ರಿಂದ 06ಎಫ್ಎಫ್‌ವರೆಗೆ ಇದೆ. ಸಾಮಾನ್ಯ ಲಾಮ್ ಯು+0644ರಲ್ಲಿದೆ. ಮೂಲ ವಿಭಾಗ ತುಂಬಿದಂತೆ ಹೊಸ ಅಕ್ಷರಗಳಿಗಾಗಿ 2005ರಲ್ಲಿ ಅರೇಬಿಕ್ ಸಪ್ಲಿಮೆಂಟ್, 2012ರಲ್ಲಿ ಅರೇಬಿಕ್ ಎಕ್ಸ್‌ಟೆಂಡೆಡ್-ಎ ವಿಭಾಗಗಳನ್ನು ತೆರೆಯಲಾಯಿತು. ಮೂರ್ಧನ್ಯ ಲಾಮ್ ಸೇರಿಸಬೇಕೆಂಬ ಪ್ರಸ್ತಾವವು 2019ರಲ್ಲಿ ಸಲ್ಲಿಕೆಯಾಗಿ, 2020ರಲ್ಲಿ ಪ್ರಕಟವಾದ ಆವೃತ್ತಿಯಲ್ಲಿ ಜಾರಿಗೆ ಬಂದಿತು. ಆ ಆವೃತ್ತಿಯಲ್ಲಿ ಎಲ್ಲ ಲಿಪಿಗಳೂ ಸೇರಿ 5,930 ಹೊಸ ಅಕ್ಷರಗಳು ಸೇರ್ಪಡೆಯಾಗಿ ಒಟ್ಟು ಸಂಖ್ಯೆ 1,43,859ಕ್ಕೆ ಏರಿತು.

ಸ್ವತಂತ್ರ ಸಂಕೇತದ ಅಗತ್ಯ

ಲಾಮ್ ಮತ್ತು ಕಿರು ತೋಯ್ ಎರಡೂ ಗಣಕದಲ್ಲಿ ಮೊದಲೇ ಇದ್ದವು. ಹಾಗಿದ್ದಲ್ಲಿ ಹೊಸ ಸಂಕೇತ ಏಕೆ ಬೇಕಾಯಿತು ಎಂಬ ಪ್ರಶ್ನೆ ಸಹಜ. ಯು+0615 ಎಂಬ ಸಂಕೇತದಲ್ಲಿ ಕಿರು ತೋಯ್ ಆಕಾರದ, ಅಕ್ಷರದ ಮೇಲೆ ಕೂರುವ ಚಿಹ್ನೆಯೊಂದಿದೆ. 2020ಕ್ಕೆ ಮೊದಲು ಕೆಲವರು ಲಾಮ್‌ನ ನಂತರ ಈ ಚಿಹ್ನೆಯನ್ನು ಒತ್ತಿ ಳಕಾರದ ರೂಪವನ್ನು ಪಡೆಯುತ್ತಿದ್ದರು. ಆದರೆ ಯು+0615 ವಾಸ್ತವವಾಗಿ ಕುರಾನ್ ಪಠಣದಲ್ಲಿ ನಿಲ್ಲಬೇಕಾದ ಸ್ಥಳವನ್ನು ಸೂಚಿಸುವ ವಿರಾಮ ಚಿಹ್ನೆ. ಟಕಾರ ಮುಂತಾದ ಅಕ್ಷರಗಳ ಭಾಗವಾಗಿರುವ ಕಿರು ತೋಯ್‌ನೊಂದಿಗೆ ಇದನ್ನು ಬೆರೆಸಬಾರದೆಂದು ಯುನಿಕೋಡ್ ಪಟ್ಟಿಯಲ್ಲೇ ಸೂಚನೆ ಇದೆ. ಕಣ್ಣಿಗೆ ಒಂದೇ ಆಗಿ ಕಂಡರೂ ಒಂದು ಅಕ್ಷರದ ಅಂಗ, ಇನ್ನೊಂದು ಓದುಗನಿಗೆ ಕೊಟ್ಟ ಸೂಚನೆ.

ಅರೇಬಿಕ್ ಲಿಪಿಯ ವಿಷಯದಲ್ಲಿ ಯುನಿಕೋಡ್ ಅನುಸರಿಸುವ ನೀತಿಯೂ ಇದಕ್ಕೆ ಕಾರಣ. ಹಮ್ಜಾ ಮತ್ತು ಮದ್ದಾ ಚಿಹ್ನೆಗಳಿರುವ ಕೆಲವು ರೂಪಗಳನ್ನು ಹೊರತುಪಡಿಸಿದರೆ, ಚುಕ್ಕೆ ಅಥವಾ ಗುರುತಿನಿಂದ ಹುಟ್ಟುವ ಪ್ರತಿಯೊಂದು ಹೊಸ ಅಕ್ಷರಕ್ಕೂ ಪ್ರತ್ಯೇಕ ಸಂಕೇತ ನೀಡಲಾಗುತ್ತದೆ. ಅದನ್ನು ಬಿಡಿಭಾಗಗಳಾಗಿ ಒಡೆಯುವುದಿಲ್ಲ. ಭಾರತೀಯ ಲಿಪಿಗಳಲ್ಲಿ ಕ್ರಮ ಬೇರೆ. ಕನ್ನಡದಲ್ಲಿ ಉರ್ದು ಮೂಲದ ಪದಗಳ ಜ಼, ಫ಼ ಧ್ವನಿಗಳನ್ನು ಜ ಮತ್ತು ಫ ಅಕ್ಷರಗಳಿಗೆ ನುಕ್ತಾ ಸೇರಿಸಿ ಬರೆಯಲಾಗುತ್ತದೆ. ಈ ನುಕ್ತಾ ಯು+0ಸಿಬಿಸಿ ಎಂಬ ಬಿಡಿ ಚಿಹ್ನೆ. 2003ರ ಯುನಿಕೋಡ್ 4.0ರಲ್ಲಿ ಕನ್ನಡಕ್ಕೆ ಸೇರಿತು. ಉರ್ದುವಿನ ಧ್ವನಿಗೆ ಕನ್ನಡದಲ್ಲಿ ಒಂದು ಚುಕ್ಕೆ ಸಾಕಾದರೆ, ಳಕಾರದ ಧ್ವನಿಗೆ ಅರೇಬಿಕ್ ಲಿಪಿಯಲ್ಲಿ ಇಡೀ ಅಕ್ಷರವೇ ಬೇಕಾಯಿತು.

ಭಾರತೀಯ ಲಿಪಿಗಳ ಳಕಾರದೊಂದಿಗೆ ಹೋಲಿಕೆ

ಯುನಿಕೋಡ್‌ನಲ್ಲಿ ಭಾರತೀಯ ಲಿಪಿಗಳ ವಿನ್ಯಾಸವು ಇಸ್ಕಿ ಮಾನಕವನ್ನು ಆಧರಿಸಿದೆ. ಪ್ರತಿ ಲಿಪಿಗೂ 128 ಸ್ಥಾನಗಳನ್ನು ನೀಡಿ, ಸಮಾನ ಅಕ್ಷರಗಳನ್ನು ಸಮಾನ ಸ್ಥಾನದಲ್ಲಿ ಇರಿಸಲಾಗಿದೆ. ಇದರಿಂದ ಳಕಾರದ ದಶಮಾನ ಸಂಖ್ಯೆಗಳಲ್ಲಿ ಒಂದು ಕ್ರಮ ಕಾಣುತ್ತದೆ:

ದೇವನಾಗರಿ: 2355
ಗುರುಮುಖಿ: 2611
ಗುಜರಾತಿ: 2739
ಒಡಿಯಾ: 2867
ತಮಿಳು: 2995
ತೆಲುಗು: 3123
ಕನ್ನಡ: 3251
ಮಲಯಾಳಂ: 3379

ತೆಲುಗಿನ ಸಂಖ್ಯೆಗೆ 128 ಕೂಡಿಸಿದರೆ ಕನ್ನಡದ್ದು, ಕನ್ನಡದ್ದಕ್ಕೆ 128 ಕೂಡಿಸಿದರೆ ಮಲಯಾಳದ್ದು ದೊರೆಯುತ್ತದೆ. ದೇವನಾಗರಿ ಮತ್ತು ಗುರುಮುಖಿಗಳ ನಡುವೆ ಬಂಗಾಳಿ ವಿಭಾಗವಿದ್ದು ಅದರಲ್ಲಿ ಳಕಾರ ಇಲ್ಲದ್ದರಿಂದ ಅಲ್ಲಿ ಅಂತರ 256. ಮೂರ್ಧನ್ಯ ಲಾಮ್‌ನ 2247 ಈ ಶ್ರೇಣಿಯ ಹೊರಗಿದೆ. ಆದ್ದರಿಂದ ತೆಲುಗು ಪಠ್ಯವನ್ನು ಕನ್ನಡ ಲಿಪಿಗೆ ತರುವಷ್ಟು ಸುಲಭವಾಗಿ ಅರೇಬಿಕ್ ಲಿಪಿಯ ಪಠ್ಯವನ್ನು ಕನ್ನಡಕ್ಕೆ ತರಲಾಗದು.

ಕನ್ನಡದ ಸಂಕೇತೀಕರಣದಲ್ಲೂ ಳಕಾರದ ಬಳಗಕ್ಕೆ ಸೇರಿದ ಒಂದು ಪ್ರಸಿದ್ಧ ದೋಷವಿದೆ. ಹಳಗನ್ನಡದ ೞಕಾರ (ಯು+0ಸಿಡಿಇ) ಯುನಿಕೋಡ್ ಪಟ್ಟಿಯಲ್ಲಿ 'ಕನ್ನಡ ಲೆಟರ್ ಫ' ಎಂಬ ತಪ್ಪು ಹೆಸರಿನಿಂದ ದಾಖಲಾಯಿತು. ಒಮ್ಮೆ ನೀಡಿದ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಇಂದಿಗೂ ಹಾಗೆಯೇ ಇದೆ. ಸರಿಯಾದ ಹೆಸರನ್ನು ಉಪನಾಮವಾಗಿ ಮಾತ್ರ ಸೇರಿಸಲಾಗಿದೆ. ಪ್ರಸ್ತಾವದ ಹಂತದಲ್ಲೇ ಭಾಷೆ ಬಲ್ಲವರ ಪರಿಶೀಲನೆ ಎಷ್ಟು ಮುಖ್ಯವೆಂಬುದಕ್ಕೆ ಇದು ನಿದರ್ಶನ.

ಕೋಲಾರ ಜಿಲ್ಲೆಯ ಸಂದರ್ಭ

ಕೋಲಾರ ಜಿಲ್ಲೆಯು ಆಂಧ್ರಪ್ರದೇಶ ಮತ್ತು ತಮಿಳುನಾಡುಗಳ ಗಡಿಯಲ್ಲಿದೆ. ಇಲ್ಲಿ ಕನ್ನಡದೊಂದಿಗೆ ತೆಲುಗು, ತಮಿಳು ಮತ್ತು ಉರ್ದು ಬಳಕೆಯಲ್ಲಿವೆ. ಈ ನಾಲ್ಕರಲ್ಲಿ ಉರ್ದುವಿಗೆ ಮಾತ್ರ ಳಕಾರದ ಅಕ್ಷರವಿಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯ ಶೇ 10.83ರಷ್ಟು ಜನರ ಮಾತೃಭಾಷೆ ಉರ್ದು. ಕನ್ನಡದ ನಂತರ ರಾಜ್ಯದಲ್ಲಿ ಅತಿ ಹೆಚ್ಚು ಜನರ ಮಾತೃಭಾಷೆ ಇದೇ. ಮನೆಮಾತಾಗಿ ಬಳಕೆಯಲ್ಲಿರುವುದು ಹೆಚ್ಚಾಗಿ ದಖನಿ ರೂಪ.

ಈ ಪ್ರದೇಶದಲ್ಲಿ ಪರ್ಷಿಯನ್-ಅರೇಬಿಕ್ ಲಿಪಿಯ ಬಳಕೆಗೆ ದೀರ್ಘ ಹಿನ್ನೆಲೆಯಿದೆ. ಹೈದರ್ ಅಲಿ ಜನಿಸಿದ ಬೂದಿಕೋಟೆ ಇಂದಿನ ಬಂಗಾರಪೇಟೆ ತಾಲ್ಲೂಕಿನಲ್ಲಿದೆ. ಆತನ ತಂದೆ ಫತೇ ಮಹಮ್ಮದನ ಸಮಾಧಿ ಕೋಲಾರ ನಗರದಲ್ಲಿದೆ. ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಪರ್ಷಿಯನ್ ಆಡಳಿತದ ಭಾಷೆಗಳಲ್ಲಿ ಒಂದಾಗಿತ್ತು. ಮುಳಬಾಗಿಲಿನ ಬಾಬಾ ಹೈದರ್ ವಲಿ ದರ್ಗಾ ಹೊರ ಊರುಗಳಿಂದಲೂ ಭಕ್ತರು ಬರುವ ಕ್ಷೇತ್ರ.

ಜಿಲ್ಲೆಯ ನಾಲ್ಕು ತಾಲ್ಲೂಕು ಕೇಂದ್ರಗಳ ಹೆಸರುಗಳು ಉರ್ದುವಿನಲ್ಲಿ ಈ ಕೆಳಗಿನಂತೆ ಬರೆಯಲ್ಪಡುತ್ತವೆ (ಬಲದಿಂದ ಎಡಕ್ಕೆ ಬರುವ ಅಕ್ಷರಗಳ ಕ್ರಮದಲ್ಲಿ):

ಕೋಲಾರ: ಕಾಫ್, ವಾವ್, ಲಾಮ್, ಅಲಿಫ್, ರೇ
ಮಾಲೂರು: ಮೀಮ್, ಅಲಿಫ್, ಲಾಮ್, ವಾವ್, ರೇ
ಮುಳಬಾಗಿಲು: ಮೀಮ್, ಲಾಮ್, ಬೇ, ಅಲಿಫ್, ಗಾಫ್, ಲಾಮ್
ಶ್ರೀನಿವಾಸಪುರ: ಸೀನ್, ರೇ, ಯೇ; ನೂನ್, ವಾವ್, ಅಲಿಫ್, ಸೀನ್; ಪೇ, ವಾವ್, ರೇ

ಮುಳಬಾಗಿಲಿನಲ್ಲಿ ಮೊದಲು ಬರುವುದು ಳಕಾರ, ಕೊನೆಗೆ ಬರುವುದು ಲಕಾರ. ಉರ್ದುವಿನಲ್ಲಿ ಎರಡಕ್ಕೂ ಒಂದೇ ಲಾಮ್. ಕನ್ನಡ ಬಲ್ಲ ಸ್ಥಳೀಯ ಓದುಗರು ರೂಢಿಯ ಬಲದಿಂದ ಸರಿಯಾಗಿಯೇ ಓದುತ್ತಾರೆ. ಹೊರಗಿನ ಓದುಗರಿಗೆ ಅದು 'ಮುಲ್ಬಾಗಲ್' ಆಗುತ್ತದೆ. ಈ ಹೆಸರು 'ಮೂಡಲ ಬಾಗಿಲು', ಅಂದರೆ ಪೂರ್ವದ ಬಾಗಿಲು, ಎಂಬುದರಿಂದ ಬಂದಿದೆಯೆಂದು ಹೇಳಲಾಗುತ್ತದೆ. ಹಾಗೆ ನೋಡಿದರೆ ಮೂಲದ 'ಮೂಡಲ'ದ ನೆನಪನ್ನು ಹೊತ್ತಿರುವುದು ಆ ಳಕಾರವೇ.

ಹಳೆಯ ಹೆಸರುಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಗಂಗರ ಮೊದಲ ರಾಜಧಾನಿಯಾಗಿದ್ದ ಕೋಲಾರದ ಪ್ರಾಚೀನ ಹೆಸರು ಕುವಳಾಲ. ಇದರಲ್ಲಿ ಳ ಮತ್ತು ಲ ಒಂದರ ಪಕ್ಕದಲ್ಲೊಂದು ಬರುತ್ತವೆ. ಸಾಮಾನ್ಯ ಲಾಮ್‌ನಿಂದ ಬರೆದರೆ ಎರಡೂ ಒಂದೇ ಆಗುತ್ತವೆ. ಶ್ರೀನಿವಾಸಪುರದ ಹಳೆಯ ಹೆಸರು ಪಾಪನಪಳ್ಳಿ. ಜಿಲ್ಲೆಯುದ್ದಕ್ಕೂ ಇರುವ 'ಹಳ್ಳಿ' ಎಂದು ಕೊನೆಗೊಳ್ಳುವ ಊರುಗಳ ಹೆಸರುಗಳೆಲ್ಲ ಇದೇ ಗುಂಪಿಗೆ ಸೇರುತ್ತವೆ. ಮಾಲೂರು ತಾಲ್ಲೂಕಿನಲ್ಲಿ ಶಿಲ್ಪಕಲೆಗೆ ಹೆಸರಾದ ಶಿವಾರಪಟ್ಟಣದ ಣಕಾರಕ್ಕೂ ಉರ್ದುವಿನಲ್ಲಿ ಸಾಮಾನ್ಯ ನೂನ್ ಬಳಸಬೇಕಾಗುತ್ತದೆ.

ಇದು ಉರ್ದುವಿಗೆ ಮಾತ್ರ ಸೀಮಿತವಾದ ಕೊರತೆಯಲ್ಲ. ರೋಮನ್ ಲಿಪಿಯ ಸಾಮಾನ್ಯ ಬರವಣಿಗೆಯಲ್ಲೂ ಲ ಮತ್ತು ಳಗಳಿಗೆ ಒಂದೇ ಅಕ್ಷರವಿದೆ. ಆದರೆ ದೇವನಾಗರಿ, ತೆಲುಗು ಮತ್ತು ತಮಿಳು ಲಿಪಿಗಳಲ್ಲಿ ಈ ಹೆಸರುಗಳ ಲ ಮತ್ತು ಳ ಭೇದವನ್ನು ನಷ್ಟವಿಲ್ಲದೆ ತೋರಿಸಬಹುದು. ಯು+08ಸಿ7 ಬಂದ ನಂತರ ಅರೇಬಿಕ್ ಲಿಪಿಯಲ್ಲೂ ಇದು ತಾಂತ್ರಿಕವಾಗಿ ಸಾಧ್ಯವಾಗಿದೆ. ದಿನಬಳಕೆಯ ಕಾಗುಣಿತವನ್ನು ಬದಲಿಸದೆ, ನಿಘಂಟು, ಸ್ಥಳನಾಮಕೋಶ, ಶಾಸನಗಳ ಅನುವಾದ ಮತ್ತು ಕನ್ನಡ ಕಲಿಸುವ ಉರ್ದು ಪುಸ್ತಕಗಳಲ್ಲಿ ಉಚ್ಚಾರಣೆ ತೋರಿಸಲು ಇದು ಉಪಯುಕ್ತ.

ಬಳಕೆಯ ತೊಡಕುಗಳು

ಅಕ್ಷರಶೈಲಿ: ಸಂಕೇತ ದೊರೆತ ಮಾತ್ರಕ್ಕೆ ಅಕ್ಷರ ತೆರೆಯ ಮೇಲೆ ಕಾಣುವುದಿಲ್ಲ. ಅಕ್ಷರಶೈಲಿಯಲ್ಲಿ ಅದರ ಚಿತ್ರವಿರಬೇಕು. ಇಲ್ಲದಿದ್ದಲ್ಲಿ ಖಾಲಿ ಚೌಕ ಕಾಣಿಸುತ್ತದೆ. 2020ಕ್ಕಿಂತ ಹಿಂದಿನ ದೂರವಾಣಿ ಮತ್ತು ಗಣಕಗಳಲ್ಲಿ ಇದು ಸಾಮಾನ್ಯ. ಎಸ್‌ಐಎಲ್ ಸಂಸ್ಥೆಯ ಉಚಿತ ಅಕ್ಷರಶೈಲಿ ಶೆಹ್ರಾಜಾದ್ ನ್ಯೂ ಈ ಅಕ್ಷರವನ್ನು ಒಳಗೊಂಡಿದೆ.

ಕೀಲಿಮಣೆ: ಸಾಮಾನ್ಯ ಉರ್ದು ಕೀಲಿಮಣೆಗಳಲ್ಲಿ ಇದಕ್ಕೆ ಕೀಲಿಯಿಲ್ಲ. ಸಂಕೇತಸಂಖ್ಯೆಯಿಂದ ಅಥವಾ ಅಕ್ಷರಪಟ್ಟಿಯಿಂದ ಆರಿಸಿ ಸೇರಿಸಬೇಕಾಗುತ್ತದೆ.

ಹುಡುಕಾಟ: ಲಾಮ್, ಮೂರ್ಧನ್ಯ ಲಾಮ್, ಮತ್ತು ಲಾಮ್‌ಗೆ ಯು+0615 ಸೇರಿಸಿದ ರೂಪ ಇವು ಗಣಕಕ್ಕೆ ಮೂರು ಬೇರೆ ಬೇರೆ ಪಠ್ಯಗಳು. ಒಂದರಿಂದ ಹುಡುಕಿದರೆ ಇನ್ನೊಂದು ಸಿಗದೇ ಹೋಗಬಹುದು. ಇದೇ ಬಗೆಯ ತೊಡಕು ಕೋಲಾರದ ಮೊದಲ ಅಕ್ಷರದಲ್ಲೂ ಇದೆ. ಉರ್ದು ಕೀಲಿಮಣೆಯ ಕಾಫ್ ಯು+06ಎ9, ಅರಬ್ಬಿ ಕೀಲಿಮಣೆಯ ಕಾಫ್ ಯು+0643. ಪದದ ಆರಂಭದಲ್ಲಿ ಇವೆರಡೂ ಒಂದೇ ರೀತಿ ಕಂಡರೂ ಸಂಕೇತಗಳು ಬೇರೆ.

ಅಕಾರಾದಿ ಕ್ರಮ: ಸಂಕೇತಸಂಖ್ಯೆಯ ಕ್ರಮದಲ್ಲಿ ಮೂರ್ಧನ್ಯ ಲಾಮ್ ಎಲ್ಲ ಮೂಲ ಅಕ್ಷರಗಳ ನಂತರ ಬರುತ್ತದೆ, ಆದರೆ ಓದುಗರು ಅದನ್ನು ಲಾಮ್‌ನ ಪಕ್ಕದಲ್ಲಿ ನಿರೀಕ್ಷಿಸುತ್ತಾರೆ. ಕನ್ನಡದಲ್ಲಿ ಇದರ ವಿರುದ್ಧ ಸ್ಥಿತಿಯಿದೆ: ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ ಕೊನೆಯಲ್ಲಿದ್ದರೆ, ಯುನಿಕೋಡ್‌ನಲ್ಲಿ ಲಕಾರದ ಮರುಸ್ಥಾನದಲ್ಲೇ ಇದೆ. ಹೀಗಾಗಿ ಎರಡೂ ಲಿಪಿಗಳಲ್ಲಿ ಪದಪಟ್ಟಿಯನ್ನು ಜೋಡಿಸಲು ಪ್ರತ್ಯೇಕ ನಿಯಮಗಳು ಬೇಕು.

ಲಿಪ್ಯಂತರ: ಳ ಮತ್ತು ಲ ಒಮ್ಮೆ ಒಂದೇ ಲಾಮ್ ಆದ ಮೇಲೆ ಯಂತ್ರವು ಅವುಗಳನ್ನು ಮರಳಿ ಬೇರ್ಪಡಿಸಲಾರದು. ಉರ್ದು ಪಟ್ಟಿಯಿಂದ ಕನ್ನಡಕ್ಕೆ ಯಾಂತ್ರಿಕವಾಗಿ ತಂದ ಹೆಸರು 'ಮುಲಬಾಗಲ್' ಎಂದಾಗಬಹುದು. ಇಂತಹ ಸಂದರ್ಭಗಳಲ್ಲಿ ಮೂಲ ಕನ್ನಡ ರೂಪವನ್ನೂ ದಾಖಲೆಯಲ್ಲಿ ಜೊತೆಯಾಗಿ ಉಳಿಸಿಕೊಳ್ಳುವುದು ಸುರಕ್ಷಿತ ಕ್ರಮ.

ಇವನ್ನೂ ನೋಡಿ

ಯುನಿಕೋಡ್
ಅರೇಬಿಕ್ ಲಿಪಿ
ಉರ್ದು ವರ್ಣಮಾಲೆ
ದಖನಿ ಭಾಷೆ
ಶಾಹಮುಖಿ ಲಿಪಿ
ಕನ್ನಡ ಅಕ್ಷರಮಾಲೆ
ಕೋಲಾರ ಜಿಲ್ಲೆ
ಮುಳಬಾಗಿಲು